ಹೆಂಚಿನ ಬಣ್ಣದ ಎರಡನೇ ತೋಳು

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಮೇಲೂ ಬೀದಿಯವರು ಅವಳನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವಳೂ ಹಾಗೇ ಉಳಿದಿದ್ದಳು. ಅಂಗಡಿಯ ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರೆ "ಒಳಗೆ ಹೋಗ್ರೀ, ಒಳಗೆ ಹೋಗ್ರೀ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದುಬಿಡುತ್ತಿತ್ತು. ಎಲ್ಲಿ ಕೂತರೂ ತಲೆ ಎಣಿಸುವ ಚಾಳಿ ಹೋಗಿರಲಿಲ್ಲ. ಆದರೆ ಕಡ್ಡಿ ಹಿಡಿದು ಸ್ವೆಟರ್ ಹಾಕುವುದು ಅವಳ ಕೆಲಸವಾಗಿರಲಿಲ್ಲ. ಅದು ಅಕ್ಕನ ಇಲಾಖೆ.

ಆ ಇಲಾಖೆಯಲ್ಲಿ ಅಕ್ಕನದು ಎತ್ತಿದ ಕೈ. ನೆಂಟರ ಮಕ್ಕಳು, ಆ ಮಕ್ಕಳ ಮಕ್ಕಳು, ಕೆಳಗಿನ ಇಸ್ತ್ರಿ ಅಂಗಡಿಯವನ ಅವಳಿ ಹೆಣ್ಣುಮಕ್ಕಳು, ಒಮ್ಮೆ ಹಲ್ಲು ಕಿತ್ತ ಡಾಕ್ಟರು ಕೂಡ ಅಕ್ಕನ ಸ್ವೆಟರ್ ತೊಟ್ಟವರೇ. ತೊಡದವಳು ಒಡಹುಟ್ಟಿದ ತಂಗಿ ಒಬ್ಬಳೇ. ಕೇಳಿದಾಗಲೆಲ್ಲ ಅಕ್ಕ, "ಖಾಕಿ ಮೇಲೆ ಯಾವ ಬಣ್ಣ ಹಾಕಿದ್ರೂ ದರಿದ್ರವಾಗಿ ಕಾಣುತ್ತೆ ಕಣೇ. ಅದನ್ನ ಬಿಚ್ಚಿಟ್ಟ ದಿನ ಹಾಕ್ಕೊಡ್ತೀನಿ" ಎನ್ನುತ್ತಿದ್ದಳು. ತಂಗಿ ಮೂವತ್ತೆರಡು ವರ್ಷ ಕಾದಳು. ಬಾಯಲ್ಲಿ ತಮಾಷೆ ಮಾಡುತ್ತಿದ್ದಳೇ ಹೊರತು ಒಳಗೆ ಅದು ಚುಚ್ಚುತ್ತಲೇ ಇತ್ತು.

ಅಕ್ಕ ಮಾತಿಗೆ ತಪ್ಪಲಿಲ್ಲ. ಖಾಕಿ ಪೆಟ್ಟಿಗೆ ಸೇರಿದ ವಾರವೇ ಹಳೇ ಹೆಂಚಿನ ಬಣ್ಣದ ಉಣ್ಣೆ ತಂದಳು. ಬೆನ್ನು ಮುಗಿಯಿತು, ಎದೆಯ ಎರಡು ಭಾಗ ಮುಗಿದವು, ಒಂದು ತೋಳೂ ಮುಗಿಯಿತು. ಎರಡನೆಯ ತೋಳು ಶುರು ಮಾಡುವ ಮೊದಲೇ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತಿಗೆ ಮಾತ್ರ ಏನೂ ಆಗಲಿಲ್ಲ. ಅಕ್ಕನ ನಾಲಿಗೆಯ ಹತ್ತಿರ ಹೋಗಲು ಲಕ್ವಕ್ಕೂ ಧೈರ್ಯ ಸಾಲಲಿಲ್ಲ ಎಂದು ಕಂಡಕ್ಟರಮ್ಮ ಆಸ್ಪತ್ರೆಯಲ್ಲೇ ಹೇಳಿ ನರ್ಸನ್ನು ನಗಿಸಿದ್ದಳು.

ಮನೆಗೆ ಬಂದ ಮೂರನೆಯ ದಿನ ಅಕ್ಕ ಎಡಗೈಯಿಂದ ಹೆಣಿಗೆ ಚೀಲವನ್ನು ತಂಗಿಯ ಕಡೆ ತಳ್ಳಿದಳು.

"ಬಿಚ್ಚಿ ಉಂಡೆ ಮಾಡು. ಬೇಕಾದವರಿಗೆ ಕೊಟ್ಬಿಡು."

"ಯಾಕೆ ಬಿಚ್ಬೇಕು? ಒಂದು ತೋಳು ತಾನೇ ಉಳ್ದಿರೋದು? ನಾನೇ ಹಾಕ್ತೀನಿ."

"ನೀನಾ?" ಅಕ್ಕ ಕತ್ತು ಹೊರಳಿಸಿ ನೋಡಿದಳು. "ಒಂದು ಗುಂಡಿ ಹೊಲಿ ಅಂದ್ರೆ ಪಿನ್ನು ಚುಚ್ಕೊಂಡು ಡ್ಯೂಟಿಗೆ ಹೋಗೋಳು ನೀನು. ಒಂದು ಸ್ವೆಟರಿಗೆ ಎರಡು ಕೈ ಬೀಳಬಾರದು ಕಣೇ. ಬಿದ್ರೆ ಕಣ್ಣಿಗೆ ಹೊಡೆಯುತ್ತೆ. ಹಾಗೆ ಕಾಣೋ ಬಟ್ಟೆ ನನ್ನ ಹೆಸರಲ್ಲಿ ಬೇಡ."

"ಕಾಣದ ಹಾಗೆ ಹಾಕಿದ್ರೆ?"

"ಹಾಕು. ಎರಡೂ ತೋಳು ನನ್ನ ಮಡಿಲಲ್ಲಿಡು. ಯಾವುದು ಯಾರದ್ದು ಅಂತ ನನಗೆ ಗೊತ್ತಾಗಿಬಿಟ್ರೆ, ಪೂರ್ತಿ ಬಿಚ್ಚಿಸ್ತೀನಿ."

ಅಕ್ಕ ಬಿಚ್ಚಿಸುತ್ತೇನೆ ಎಂದರೆ ಬಿಚ್ಚಿಸುವವಳೇ. ಹಿಂದೆ ನೆಂಟರ ಮದುವಣಗಿತ್ತಿಗೆಂದು ಹಾಕಿದ್ದನ್ನು ಕತ್ತಿನ ಹತ್ತಿರ ಒಂದು ಕುಣಿಕೆ ಜಾರಿದ್ದಕ್ಕೆ ಇಡೀ ಬಿಚ್ಚಿದವಳು. ಕಲಿಸಿಕೊಡು ಎಂದರೆ, "ಕೈ ಇದ್ದಾಗ ಕಲಿ ಅಂದ್ರೆ ಆಕಳಿಸ್ತಿದ್ದೆ. ಈಗ ಬಾಯಲ್ಲಿ ಕಲಿಸೋಕೆ ಇದೇನು ಮಗ್ಗಿಯಾ?" ಎಂದು ಗೋಡೆ ಕಡೆ ತಿರುಗಿದಳು. ಕೋಪ ತಂಗಿಯ ಮೇಲಲ್ಲ, ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿದ್ದ ಆ ಬಲಗೈಯ ಮೇಲೆ. ಕಂಡಕ್ಟರಮ್ಮನಿಗೆ ಅದು ಗೊತ್ತಿತ್ತು.

ಹೀಗೆ ಅವಳು ಫೋನಿನ ಮೊರೆ ಹೋದಳು. ಅಲ್ಲಿ ಹೆಣಿಗೆಯವರ ಗುಂಪೊಂದಿತ್ತು. ಹತ್ತಾರು ಸಾವಿರ ಜನ, ಹತ್ತಾರು ಸಾವಿರ ಉಂಡೆಗಳು. ಅದರ ರೀತಿ ರಿವಾಜು ಅರ್ಥವಾಗಲು ಅವಳಿಗೆ ಹದಿನೈದು ದಿನ ಹಿಡಿಯಿತು. ಫೋಟೋ ಕಿಟಕಿಯ ಬೆಳಕಿನಲ್ಲೇ ತೆಗೆಯಬೇಕು. ಯಾರು ಏನು ಹಾಕಿದರೂ ಮೊದಲು "ಆಹಾ" ಎನ್ನಬೇಕು, ಆಮೇಲೆ ಮೂಗು ತೂರಿಸಬಹುದು. ಶುದ್ಧ ಉಣ್ಣೆಯವರಿಗೂ ನೈಲಾನ್ ಬೆರಕೆಯವರಿಗೂ ಮಾತಿಲ್ಲ. ಮುಗಿಸದ ಸ್ವೆಟರುಗಳ ಲೆಕ್ಕ ಕೇಳುವುದು ಮಾತ್ರ ಮಹಾಪಾಪ. ಬಸ್ಸಿನಲ್ಲಿ ಎಂಥೆಂಥ ಜನರನ್ನು ಸಂಭಾಳಿಸಿದ್ದ ಕಂಡಕ್ಟರಮ್ಮನಿಗೆ ಇವರೇನೂ ಹೊಸಬರು ಅನ್ನಿಸಲಿಲ್ಲ. ಸೀಟಿಗೆ ಜಗಳವಾಡುವ ಬದಲು ದಾರಕ್ಕೆ ಆಡುತ್ತಿದ್ದರು, ಅಷ್ಟೆ.

ವಿಡಿಯೋ ನೋಡಿ ನೋಡಿ ಸೀದಾ ಸಾಲು, ಉಲ್ಟಾ ಸಾಲು ಕಲಿತಳು. ದಾರ ಹಿಡಿಯುವುದು ಬೇಗ ಬಂತು. ಟಿಕೆಟ್ ಕಟ್ಟುಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಹಿಡಿದು ಅವಳ ಎಡಗೈ ಪಳಗಿತ್ತು. ಕುಣಿಕೆಗಳ ಎಣಿಕೆ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದರೆ ಇಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದವರ ಗತಿಯೇನು?

ಆರು ವಾರಕ್ಕೆ ತೋಳು ಮುಗಿಯಿತು. ಅಕ್ಕನ ಕಡ್ಡಿ, ಅಕ್ಕನ ದಾರ, ಅಷ್ಟೇ ಕುಣಿಕೆ, ಅಷ್ಟೇ ಸಾಲು. ಅಕ್ಕನಿಗೆ ತೋರಿಸುವ ಮೊದಲು ಎರಡನ್ನೂ ಒಂದರ ಮೇಲೊಂದು ಇಟ್ಟಳು. ಇವಳದು ಒಂದು ಬೆರಳಿನಷ್ಟು ಹೆಚ್ಚು ಅಗಲ. ಮೇಲೆ ನುಣುಪು. ಅಕ್ಕನದು ಬಿಗಿಯಾಗಿ, ಗಟ್ಟಿಯಾಗಿ, ಒಂದೊಂದು ಕುಣಿಕೆಯೂ ಬೇರೆ ಬೇರೆ ಎದ್ದು ಕಾಣುವ ಹಾಗಿತ್ತು. ಕುರುಡರಿಗೂ ಗೊತ್ತಾಗುವಷ್ಟು ವ್ಯತ್ಯಾಸ. ಎಲ್ಲಿ ಎಡವಿದೆನೋ ಎಂದು ತಲೆ ಕೆಡಿಸಿಕೊಂಡು ಎರಡರ ಫೋಟೋವನ್ನೂ ಗುಂಪಿಗೆ ಹಾಕಿದಳು. ಒಂದು ಅಕ್ಕನದು, ಒಂದು ನನ್ನದು, ಯಾಕೆ ಹೊಂದುತ್ತಿಲ್ಲ, ಇಷ್ಟೇ ಬರೆದಳು.

ಗುಂಪಿನಲ್ಲಿ ಕೊನೆಯ ಮಾತು ಟೀಚರದು. ನಿವೃತ್ತ ಗಣಿತದ ಟೀಚರು. ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದು ಅವರ ಹವ್ಯಾಸ. ಹತ್ತು ನಿಮಿಷಕ್ಕೆ ತೀರ್ಪು ಬಂತು: "ಎಡಗಡೆಯದರಲ್ಲಿ ಸೀದಾ ಸಾಲಿನ ಕುಣಿಕೆಗಳೆಲ್ಲ ತಿರುಚಿಕೊಂಡಿವೆ. ಕಡ್ಡಿಯನ್ನು ಕುಣಿಕೆಯ ಮುಂದಿನ ಎಳೆಗೆ ಹಾಕುವ ಬದಲು ಹಿಂದಿನ ಎಳೆಗೆ ಹಾಕಿದ್ದೀರಿ. ಅದಕ್ಕೇ ಒಂದೊಂದೂ ಕಾಲು ಅಡ್ಡ ಹಾಕಿಕೊಂಡು ಕೂತಿದೆ. ಹೊಸಬರೆಲ್ಲ ಮಾಡುವ ತಪ್ಪು, ಬೇಜಾರು ಬೇಡ. ಬಲಗಡೆಯದು ಎಷ್ಟು ಚೆನ್ನಾಗಿದೆ ನೋಡಿ, ನಿಮ್ಮಕ್ಕನಿಂದ ಕಲಿಯಿರಿ."

ಬಲಗಡೆಯದು ಇವಳು ಹಾಕಿದ್ದು.

ಕಂಡಕ್ಟರಮ್ಮ ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. ಸುಳ್ಳೇಕೆ, ಮೊದಲ ಒಂದು ನಿಮಿಷ ಖುಷಿಯಾಯಿತು. ಉಪ್ಪಿನಿಂದ ಹಿಡಿದು ಉಡುಪಿನವರೆಗೆ ಹುಟ್ಟಿದಾಗಿನಿಂದ ಸರಿಯಾಗಿದ್ದ ಅಕ್ಕ ಒಂದು ಕಡೆ ತಪ್ಪಿದ್ದಳು. ಆಮೇಲೆ ಇಸ್ತ್ರಿಯವನ ಅವಳಿ ಮಕ್ಕಳು, ಹಲ್ಲಿನ ಡಾಕ್ಟರು, ನಲವತ್ತು ವರ್ಷದ ಅಷ್ಟೂ ಸ್ವೆಟರುಗಳು ನೆನಪಾದವು. ಖುಷಿಪಟ್ಟಿದ್ದಕ್ಕೆ ನಾಚಿಕೆಯಾಯಿತು. ಪಕ್ಕದ ಕೋಣೆಯಿಂದ ಅಕ್ಕ, "ಏನೇ ಅದು, ಉಸಿರೇ ಇಲ್ಲ?" ಎಂದು ಕೂಗಿದಳು. "ಏನಿಲ್ಲಕ್ಕಾ, ಫೋನಲ್ಲಿ ಯಾರೋ ತಲೆ ತಿಂತಿದ್ದಾರೆ" ಎಂದಳು ತಂಗಿ.

ಆಮೇಲೆ ಗುಂಪಿಗೆ ಉದ್ದಕ್ಕೆ ಬರೆದಳು. ತಪ್ಪು ಅಂತ ನೀವು ಹೇಳಿದ್ದು ನಮ್ಮಕ್ಕನ ಕೈ. ಆ ಕೈ ಈಗ ಎದ್ದೇಳುವುದಿಲ್ಲ. ಎರಡು ತೋಳೂ ಒಂದೇ ಥರ ಇಲ್ಲದಿದ್ದರೆ ಅವಳು ಪೂರ್ತಿ ಬಿಚ್ಚಿಸುತ್ತಾಳೆ. ತಪ್ಪಾಗಿ ಹಾಕುವುದನ್ನು ನನಗೆ ಯಾರಾದರೂ ಕಲಿಸಿ.

ಗುಂಪು ಎರಡು ಹೋಳಾಯಿತು. ಬೆನ್ನು, ಎದೆ ಎಲ್ಲವನ್ನೂ ಬಿಚ್ಚಿ ಸರಿಯಾಗಿ ಹಾಕಿ ಎಂದು ಒಂದಷ್ಟು ಜನ. ನಿಮಗೆ ಅಕ್ಕತಂಗಿಯರಿಲ್ಲವೇ ಎಂದು ಇನ್ನೊಂದಷ್ಟು ಜನ. ಅಕ್ಕನಿಗೆ ನಿಜ ಹೇಳಿಬಿಡಿ, ಮನಸ್ಸು ಹಗುರವಾಗುತ್ತದೆ ಎಂದು ಬುದ್ಧಿ ಹೇಳಿದವಳೊಬ್ಬಳಿಗೆ ಕಂಡಕ್ಟರಮ್ಮ, "ನಮ್ಮಕ್ಕನ್ನ ನೀವು ನೋಡಿಲ್ಲ" ಎಂದಷ್ಟೇ ಉತ್ತರಿಸಿದಳು. ಈ ಗದ್ದಲದ ನಡುವೆ ಲಾರಿ ಓಡಿಸುವವನೊಬ್ಬ, ಸರಕು ಇಳಿಯುವ ತನಕ ಸೀಟಿನಲ್ಲಿ ಕೂತು ಟೋಪಿ ಹೆಣೆಯುವ ಆಸಾಮಿ, ಸದ್ದಿಲ್ಲದೆ ಒಂದು ವಿಡಿಯೋ ಕಳಿಸಿದ. ಸ್ಟೇರಿಂಗಿನ ಮುಂದೆ ದಪ್ಪ ಬೆರಳುಗಳು ಕಡ್ಡಿಯನ್ನು ನಿಧಾನವಾಗಿ ಹಿಂದಿನ ಎಳೆಗೆ ಹಾಕಿ ತೋರಿಸುತ್ತಿದ್ದವು. "ಅಕ್ಕಾ, ನಾನೂ ಎರಡು ವರ್ಷ ಹಿಂಗೇ ಹಾಕ್ತಿದ್ದೆ. ಟೋಪಿ ಏನೂ ತಲೆ ಮೇಲಿಂದ ಓಡಿಹೋಗ್ಲಿಲ್ಲ ಬಿಡಿ."

ಟೀಚರು ಮರುದಿನ ಬರೆದರು: "ದಿನಾ ಹಾಕಿದ್ದರ ಫೋಟೋ ನನಗೆ ಕಳಿಸಿ. ಒಂದು ಕುಣಿಕೆ ಸರಿಯಾಗಿದ್ದರೂ ಹೇಳುತ್ತೇನೆ."

ಕಂಡಕ್ಟರಮ್ಮ ತಾನು ಹಾಕಿದ್ದ ತೋಳನ್ನು ಬಿಚ್ಚಿದಳು. ಬಿಚ್ಚಿದ ದಾರ ಗುಂಗುರು ಗುಂಗುರಾಗಿ ಬಂತು. ಟೀಚರು ಹೇಳಿದಂತೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ತುದಿಗೆ ಭಾರ ಕಟ್ಟಿ ಒಣಗಿಸಿದಾಗ ನೆಟ್ಟಗಾಯಿತು. ಕೈ ಮಾತ್ರ ಅಷ್ಟು ಬೇಗ ನೆಟ್ಟಗಾಗಲಿಲ್ಲ, ಅಥವಾ ಸೊಟ್ಟಗಾಗಲಿಲ್ಲ. ಕಷ್ಟಪಟ್ಟು ಸರಿ ಕಲಿತ ಬೆರಳುಗಳು ಸರಿಯ ಕಡೆಗೇ ಓಡುತ್ತಿದ್ದವು. ಟೀಚರಿಂದ ದಿನಾ ಸಂದೇಶ: "ಹದಿನೇಳನೇ ಸಾಲಿನಲ್ಲಿ ಮೂರು ಸರಿಯಾಗಿವೆ. ಬಿಚ್ಚಿ." "ಇವತ್ತು ಒಂದೂ ಸರಿ ಇಲ್ಲ, ಶಭಾಷ್."

ಅಳತೆಗೆಂದು ಅಕ್ಕನ ತೋಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಮೊಣಕೈಯಿಂದ ಮೇಲೆ ಒಂದು ಗೇಣಿನಷ್ಟು ಭಾಗದಲ್ಲಿ ಕುಣಿಕೆಗಳು ಒಂದು ಬಿಗಿ, ಒಂದು ಸಡಿಲ ಇದ್ದವು. ಬೆನ್ನಿನಲ್ಲೆಲ್ಲೂ ಹಾಗಿರಲಿಲ್ಲ. ಇದೂ ಒಂದು ಪದ್ಧತಿಯಾ ಎಂದು ಫೋಟೋ ಕಳಿಸಿ ಕೇಳಿದಳು. ಟೀಚರು ಬರೆದರು: "ಪದ್ಧತಿ ಅಲ್ಲ. ಅಲ್ಲಿಂದ ಕೈ ಸೋತಿದೆ."

ಕಂಡಕ್ಟರಮ್ಮನಿಗೆ ಆ ದಿನಗಳು ನೆನಪಾದವು. ಲಕ್ವ ಹೊಡೆಯುವ ಹಿಂದಿನ ವಾರ ಅಕ್ಕನ ಕೈಯಿಂದ ನೀರಿನ ಲೋಟ ಎರಡು ಸಲ ಜಾರಿ ಬಿದ್ದಿತ್ತು. "ಗಮನ ಎಲ್ಲಿಟ್ಟಿದ್ದೀಯಾ?" ಎಂದು ತಾನು ರೇಗಿದ್ದಳು. ರೋಗ ಬಂದದ್ದು ಡಾಕ್ಟರಿಗೂ ಮೊದಲು ಈ ಉಣ್ಣೆಗೆ ಗೊತ್ತಾಗಿತ್ತು, ಪಕ್ಕದಲ್ಲೇ ಕೂತಿದ್ದ ತನಗೆ ಗೊತ್ತಾಗಲಿಲ್ಲ. ಅಂದು ಮಧ್ಯಾಹ್ನವೆಲ್ಲ ಅವಳು ಕಡ್ಡಿ ಮುಟ್ಟಲಿಲ್ಲ. ಸಂಜೆ ಕೂತು, ಆ ಗೇಣನ್ನು ಅನುಕರಿಸುವುದು ಬೇಡ ಎಂದು ನಿರ್ಧರಿಸಿ, ಬೆನ್ನಿನ ಭಾಗವನ್ನು ಎದುರಿಗಿಟ್ಟುಕೊಂಡಳು. ಅಕ್ಕನ ಕೈ ಗಟ್ಟಿಯಾಗಿದ್ದಾಗ ಹೇಗೆ ಹಾಕುತ್ತಿತ್ತೋ ಹಾಗೇ ಕೊನೆಯವರೆಗೆ ಹಾಕಿದಳು.

ಮುಗಿದ ದಿನ ಬೆಳಿಗ್ಗೆ ಕಿಟಕಿಯ ಪಕ್ಕ ಅಕ್ಕನನ್ನು ಕೂರಿಸಿ, ಕನ್ನಡಕ ಒರೆಸಿ ಕೊಟ್ಟು, ಎರಡು ತೋಳನ್ನೂ ಮಡಿಲಲ್ಲಿಟ್ಟಳು. ತಪಾಸಣೆಯವರು ಬಸ್ಸು ಹತ್ತಿದಾಗಲೂ ಅವಳ ಎದೆ ಹೀಗೆ ಬಡಿದುಕೊಂಡಿರಲಿಲ್ಲ.

"ಯಾವುದು ಯಾವುದು ಅಂತ ಹೇಳ್ಬೇಡ" ಎಂದಳು ಅಕ್ಕ.

ಎಡಗೈಯ ಬೆರಳುಗಳು ಒಂದು ತೋಳಿನ ಮೇಲೆ ಅಂಚಿನಿಂದ ಭುಜದವರೆಗೆ ಹೋದವು. ಹಿಂದಕ್ಕೆ ಬಂದವು. ಆಮೇಲೆ ಇನ್ನೊಂದು. ಮೊಣಕೈಯ ಹತ್ತಿರ ಬೆರಳು ನಿಂತಿತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಇದು ನಿಂದು."

ಅಕ್ಕ ಹಿಡಿದಿದ್ದುದು ಅಕ್ಕನೇ ಹಾಕಿದ್ದ ತೋಳು.

"ಇಲ್ನೋಡು. ಬಿಗಿ, ಸಡಿಲ, ಬಿಗಿ, ಸಡಿಲ. ಗಮನ ಎಲ್ಲಿಟ್ಟಿದ್ದೆ?" ಇನ್ನೊಂದು ತೋಳನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಇದು ನೋಡು ನನ್ನ ಕೈ. ಹಿಡಿದ್ರೆ ಗೊತ್ತಾಗುತ್ತೆ."

ನಿಜ ಹೇಳಿದರೆ ಸ್ವೆಟರ್ ಉಳಿಯುತ್ತಿತ್ತು. ಯಾವುದು ಯಾರದ್ದೆಂದು ಗೊತ್ತಾಗದೆ ಅಕ್ಕ ಸೋತಿದ್ದಳಲ್ಲ. ಆದರೆ ಆ ಬಲಗೈ ಸೋಲಲು ಶುರುವಾದ ಜಾಗವನ್ನು ಬೆರಳಿಟ್ಟು ತೋರಿಸುವುದು ಕಂಡಕ್ಟರಮ್ಮನಿಂದಾಗಲಿಲ್ಲ.

"ಏನೋ ಯೋಚನೇಲಿದ್ದೆ ಅಕ್ಕಾ," ಎಂದಳು. "ತಪ್ಪಾಯ್ತು. ಬಿಚ್ಚಲಾ ಪೂರ್ತಿ?"

ಅಕ್ಕ ಬಹಳ ಹೊತ್ತು ಆ ಗೇಣಿನಷ್ಟು ಜಾಗವನ್ನೇ ಸವರುತ್ತಿದ್ದಳು. ಒಂದು ಕುಣಿಕೆ ಜಾರಿದ್ದಕ್ಕೆ ಮದುವೆಯ ಸ್ವೆಟರ್ ಬಿಚ್ಚಿದವಳು ಕೊನೆಗೆ ತಲೆಯಾಡಿಸಿದಳು.

"ಬೇಡ ಬಿಡು. ಪಾಪ, ಆ ಕೈಗೆ ಆದಷ್ಟು ಅದು ಹಾಕಿದೆ. ಬಲಗಡೆಗೆ ಹೊಲಿ ಇದನ್ನ. ಕೈ ಆಡಿಸ್ತಾ ಇದ್ರೆ ಯಾರಿಗೂ ಕಾಣಲ್ಲ."

ತಂಗಿ ಹಾಗೇ ಹೊಲಿದಳು. ಈಗ ಚಳಿ ಬಿದ್ದರೆ ಅದನ್ನೇ ತೊಟ್ಟು ಹಾಲಿಗೆ, ಔಷಧಿ ಅಂಗಡಿಗೆ ಹೋಗಿಬರುತ್ತಾಳೆ. ಮನೆಗೆ ಬಂದವರು ಕೇಳಿದರೆ, ಅಕ್ಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಬಲತೋಳು ತಾನು ಹಾಕಿದ್ದು, ಉಳಿದದ್ದೆಲ್ಲ ಅಕ್ಕನದು ಎನ್ನುತ್ತಾಳೆ.