ಹುಲಿಗಿ ತಿರುಗಿಸಿ ಹಿಡಿದ ಪುಸ್ತಕ

ಆ ಹೆಸರುಗಳನ್ನು ಕತ್ತರಿಸಿದ್ದು ನಾನು. ಹುಲಿಗಿ ಅಲ್ಲ.

ಇಷ್ಟನ್ನು ಬರೆದ ಮೇಲೆ ಉಳಿದದ್ದರ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯ ಬೇಸಿಗೆಯೋ, ಎಂಬತ್ತರ ಮೊದಲಿನದೋ — ಅವಳ ಲಂಗ ಹಸಿರು ಎಂದು ಡೈರಿಯಲ್ಲಿ ಒಮ್ಮೆ ಬರೆದಿದ್ದೇನೆ, ಇನ್ನೊಮ್ಮೆ ಕೆಂಪು ಎಂದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದರೆ ಕತ್ತರಿ ಯಾರ ಕೈಯಲ್ಲಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ನಾವು ರಾಯಚೂರಿನವರು. ಬೇಸಿಗೆ ರಜೆಗೆ ನನ್ನನ್ನು ಮಾನ್ವಿಗೆ, ಚಿಗವ್ವನ ಮನೆಗೆ ಕಳಿಸುತ್ತಿದ್ದರು. ಚಿಗವ್ವ ಎಂದರೆ ಅವ್ವನ ತಂಗಿ. ಅವರದು ಅಕ್ಕಿ ಗಿರಣಿ. ಅವಳ ಮಗ ಸಿದ್ದಣ್ಣ ನನಗಿಂತ ದೊಡ್ಡವನು. ಅವನ ತಗಡಿನ ಟ್ರಂಕಿನ ತುಂಬ ‘ನೀಲಕವಚ’ದ ಚಿತ್ರಕಥೆಗಳು. ನೀಲಕವಚ ಹಗಲೆಲ್ಲ ಗಡಿಯಾರ ರಿಪೇರಿ ಮಾಡುವವನು, ಆಪತ್ತು ಬಂದಾಗ ನೀಲಿ ಕವಚ ತೊಟ್ಟು ಹಾರುವವನು. ಅವನನ್ನು ಕರೆಯುತ್ತಿದ್ದುದು ಚಂದ್ರಿ ಎಂಬ ಹುಡುಗಿಯ ಸೀಟಿ. ಚಂದ್ರಿಗೆ ಯಾವ ಶಕ್ತಿಯೂ ಇರಲಿಲ್ಲ — ಜೋರಾಗಿ ಸೀಟಿ ಹೊಡೆಯುತ್ತಿದ್ದಳು, ಅಷ್ಟೆ.

ಮಧ್ಯಾಹ್ನ ನಾನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ಗಿರಣಿಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಭೀಮವ್ವನ ಮಗಳು ಹುಲಿಗಿ ಕೆಳಗೆ, ನನ್ನೆದುರು, ನೆಲದ ಮೇಲೆ ಕೂತು ಕೇಳುತ್ತಿದ್ದಳು. ಅವರ ಕೇರಿಯವರು ಕಟ್ಟೆ ಹತ್ತುವಂತಿರಲಿಲ್ಲ. ಪುಸ್ತಕವನ್ನು ಅವಳ ಕೈಗೆ ಕೊಡುವಂತೆಯೂ ಇರಲಿಲ್ಲ — ಕೊಡಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ನಾನು ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟು, ಓದುವ ಮಾತಿನ ಕೆಳಗೆ ಬೆರಳು ಸರಿಸುತ್ತಿದ್ದೆ. ಹುಲಿಗಿ ಮುಂದಕ್ಕೆ ಬಾಗಿ ನನ್ನ ಬೆರಳನ್ನು ನೋಡುತ್ತಿದ್ದಳು.

ಹಾಗೆ ನೋಡುತ್ತಲೇ ಅವಳು ಓದಲು ಕಲಿತಳು. ತಲೆಕೆಳಗಾಗಿ. ನಾನು ಕಲಿಸಿದೆ ಎನ್ನಲಾರೆ. ಒಂದು ದಿನ ಬೆರಳು ಸರಿಸುವ ಮೊದಲೇ ಮುಂದಿನ ಮಾತು ಅವಳ ಬಾಯಿಂದ ಬಂತು.

“ಯಾರಿಗೂ ಹೇಳಬ್ಯಾಡಕ್ಕಾ,” ಎಂದಳು. “ಶಾಲಿಗಿ ಹಾಕಿದ ದಿನ ಎಲ್ಲಾರ ಮುಂದ ಓದಿ ತೋರಸ್ತೀನಿ. ನಮ್ಮವ್ವ ಬಾಯಾಗ ಬಟ್ಟು ಇಟಗೋಬೇಕು.”

ಶಾಲೆ ತೆರೆದ ಮೇಲೆ ಮಾಸ್ತರರಿಗೆ ಹೇಳಿ ಹುಲಿಗಿಯನ್ನು ಸೇರಿಸುತ್ತೇನೆ ಎಂದು ಚಿಗವ್ವ ಭೀಮವ್ವನಿಗೆ ಮಾತು ಕೊಟ್ಟಿದ್ದಳು. ಯಾರಿಗೂ ಹೇಳುವುದಿಲ್ಲ ಎಂದು ನಾನು ಹುಲಿಗಿಗೆ ಆಣೆ ಮಾಡಿದೆ.

ಆ ಬೇಸಿಗೆಯಲ್ಲೇ ನೀಲಕವಚ ಬದಲಾದ. ಪ್ರಕಾಶಕರು ತಮ್ಮ ಎಲ್ಲ ಮಾಲಿಕೆಗಳನ್ನೂ ಒಮ್ಮೆಲೇ ನಿಲ್ಲಿಸಿ, ಎಲ್ಲವನ್ನೂ ಮತ್ತೆ ಒಂದನೇ ಸಂಚಿಕೆಯಿಂದ ಶುರು ಮಾಡಿದರು. ಹೊಸ ವೇಷ, ಹೊಸ ಊರು. ಹಿಂದಿನ ಕಥೆಗಳಾವುವೂ ನಡೆದೇ ಇಲ್ಲವೆಂದು ತಿಳಿಯಿರಿ, ಎಂಬ ಪ್ರಕಟಣೆ. ಸಿದ್ದಣ್ಣ ಒಂದನ್ನು ಕೊಂಡು ತಂದವನು ನನ್ನತ್ತ ಎಸೆದ. “ಇಂವ ಯಾವ ನೀಲಕವಚಲೇ! ಮದಿವ್ಯಾಗ ಬ್ಯಾಂಡ್ ಬಾರಸಾವನ ಅಂಗಿ ಹಾಕ್ಯಾನ!”

ಓದಿ ಮುಗಿಸಿದಾಗ ಹುಲಿಗಿ ಕೇಳಿದಳು, “ಚಂದ್ರಿ ಎಲ್ಲಿ ಹೋದ್ಲಕ್ಕಾ?”

“ಆಕಿ ಇಲ್ಲಬೇ. ಇನ್ಮ್ಯಾಲ ಆಕಿ ಮೊದಲಿಂದನೂ ಇರಲಿಲ್ಲ ಅಂತ.”

“ಇರಲಿಲ್ಲಂದ್ರ? ಈತ ಬಾವ್ಯಾಗ ಬಿದ್ದಾಗ ಮ್ಯಾಲ ಎಳದಕಿ ಯಾರು ಹಂಗಾದ್ರ, ಇವನ ಮುತ್ತ್ಯಾನ?”

ನಾನು ನಕ್ಕೆ. ಆದರೆ ನನ್ನ ಕಣ್ಣು ಹಿಂದಿನ ರಕ್ಷಾಪುಟದ ಜಾಹೀರಾತಿನ ಮೇಲಿತ್ತು. ಹಳೆಯ ಸಂಚಿಕೆಗಳ ಮುಖಪುಟದಿಂದ ‘ನೀಲಕವಚ’ ಎಂಬ ಹೆಸರನ್ನು ಕತ್ತರಿಸಿ ಕಳಿಸಿದವರಿಗೆ ಎದೆಗೆ ಚುಚ್ಚಿಕೊಳ್ಳುವ ನೀಲಿ ಬಿಲ್ಲೆ. ಹಳೆಯವು ಹೇಗೂ ನಡೆದೇ ಇಲ್ಲವಲ್ಲ — ಅವುಗಳ ಹೆಸರು ಹೋದರೆ ಏನು? ಹಾಗೆ ಯೋಚಿಸಿದ್ದೆನೋ, ಈಗ ಹಾಗೆ ಯೋಚಿಸಿದ್ದೆ ಎಂದು ಜೋಡಿಸುತ್ತಿದ್ದೇನೋ. ಮನೆಯವರು ಮಲಗಿದ್ದ ಒಂದು ಮಧ್ಯಾಹ್ನ ಚಿಗವ್ವನ ಹೊಲಿಗೆ ಡಬ್ಬಿಯ ಕತ್ತರಿ ತೆಗೆದುಕೊಂಡು ಟ್ರಂಕು ತೆರೆದೆ. ಕತ್ತರಿಯನ್ನೂ ಹೆಸರುಗಳನ್ನೂ ನನ್ನ ಬಟ್ಟೆಯ ಚೀಲದ ತಳಕ್ಕೆ ಸೇರಿಸಿದೆ.

ನಾನು ರಾಯಚೂರಿಗೆ ಹೊರಡುವ ಹಿಂದಿನ ದಿನ ಸಿದ್ದಣ್ಣನಿಗೆ ಗೊತ್ತಾಯಿತು. ಪಡಸಾಲೆಯ ತುಂಬ ಪುಸ್ತಕ ಹರಡಿ ಕೂಗಾಡಿದ. “ಹೆಸರಷ್ಟ ಕತ್ತರಿಸ್ಯಾರ! ಓದಾಕ ಬರದವರು ಚಿತ್ರ ಕತ್ತರಿಸ್ತಿದ್ರು. ಇದು ಓದಾಕ ಬರೋರದ ಕೆಲಸ.” ಹಾಗೆನ್ನುತ್ತ ನನ್ನ ಕಡೆ ನೋಡಿದ. ಆ ಮನೆಯಲ್ಲಿ ಕಥೆಪುಸ್ತಕ ಓದುತ್ತಿದ್ದವರು ನಾವಿಬ್ಬರೇ.

ಆಗ ನಾನು ಹೇಳಿದೆ — “ಹುಲಿಗಿಗೂ ಓದಾಕ ಬರ್ತದ.”

ಸುಳ್ಳಲ್ಲ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಷ್ಟೋ ವರ್ಷ ನಾನು ಈ ಒಂದು ಸಮಾಧಾನದ ಮೇಲೆ ಬದುಕಿದೆ — ನಾನು ಸುಳ್ಳು ಹೇಳಲಿಲ್ಲ ಎಂಬುದರ ಮೇಲೆ.

ಹುಲಿಗಿಯನ್ನು ಕರೆಸಿದರು. ಹಿಂದೆಯೇ ಭೀಮವ್ವ ಸೆರಗಿನಿಂದ ತೌಡು ಕೊಡವುತ್ತ ಬಂದಳು. ಯಾಕೆ ಕರೆಸಿದ್ದೆಂದು ಅವರಿಗೆ ಯಾರೂ ಹೇಳಲಿಲ್ಲ. ಸಿದ್ದಣ್ಣ ಅಂಗಳಕ್ಕಿಳಿದು ಒಂದು ಪುಸ್ತಕ ತೆರೆದು ಅವಳ ಮುಂದೆ ಹಿಡಿದ. “ಓದು ನೋಡೋಣ.”

ಹುಲಿಗಿ ದಿಟ್ಟಿಸಿದಳು. ತುಟಿ ಅಲುಗಾಡಿತು, ಮಾತು ಬರಲಿಲ್ಲ. “ಆಕಿಗೇನ್ ಬರ್ತದ ಬಿಡೋ,” ಎಂದಳು ಚಿಗವ್ವ. ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಹುಲಿಗಿ ನನ್ನ ಕಡೆ ನೋಡಿ ನಕ್ಕಳು — ಗುಟ್ಟನ್ನು ಒಡೆದಿದ್ದೀಯಾ, ಇರಲಿ ಬಿಡು, ಎನ್ನುವ ಹಾಗೆ. ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ಅದು ಅವಳು ಮೊದಲ ಸಲ ಮುಟ್ಟಿದ ಪುಸ್ತಕ. ಅದನ್ನು ಬುಡಮೇಲು ತಿರುಗಿಸಿ ಹಿಡಿದು, ಕೇರಿಗೆಲ್ಲ ಕೇಳುವ ಹಾಗೆ ಓದಿದಳು:

“ಹೆದರಬೇಡ ಚಂದ್ರಿ, ನಾನು ಬಂದೆ!”

ಓದಿ ತಲೆಯೆತ್ತಿ ಅವ್ವನನ್ನು ನೋಡಿದಳು. ಭೀಮವ್ವನ ಕೈ ಬಾಯಿಗೆ ಹೋಗಿತ್ತು.

“ನೋಡಿದೇನವ್ವಾ?” ಎಂದ ಸಿದ್ದಣ್ಣ ಚಿಗವ್ವನಿಗೆ. “ಕಳ್ಳಿ ಸಿಕ್ಕಳು.”

ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಭೀಮವ್ವ ಮಗಳ ಬೆನ್ನಿಗೆ ಗುದ್ದಿದ್ದು. ಚಿಗವ್ವ, “ಶಾಲಿಗಿ ಹೋಗೋದಕ್ಕ ಮೊದಲ ಹಿಂಗಾದ್ರ, ಹೋದ ಮ್ಯಾಲ ಏನ್ ಗತಿ? ಮಾಸ್ತರಿಗೆ ಹೇಳೋ ಮಾತು ಬಿಟ್ಟುಬಿಡು ಭೀಮವ್ವ,” ಎಂದದ್ದು. ಹುಲಿಗಿ ಅಳಲಿಲ್ಲ. “ಅಕ್ಕಾ, ನೀ ಹೇಳಕ್ಕಾ,” ಎಂದಳು. ಅವಳು ಹೇಳು ಎಂದಳು, ನಾನು ಹೇಳಲಿಲ್ಲ — ಇದಕ್ಕಿಂತ ಚೆನ್ನಾಗಿ ಈ ವಾಕ್ಯವನ್ನು ಬರೆಯಲು ನನಗೆ ಬರುವುದಿಲ್ಲ.

ಮರುದಿನ ರಾಯಚೂರಿಗೆ ಬಂದು, ಹೆಸರುಗಳನ್ನು ಅಂಚೆಗೆ ಹಾಕಿದೆ. ಹೌದು, ಆಮೇಲೆ ಹಾಕಿದೆ. ಬಿಲ್ಲೆ ಬಂತು, ಚುಚ್ಚಿಕೊಂಡು ಶಾಲೆಗೆ ಹೋದೆ. ಮುಂದಿನ ರಜೆಯಲ್ಲಿ ಕೇಳಿದಾಗ, ಹುಲಿಗಿಯನ್ನು ದೇವದುರ್ಗದ ಕಡೆ ಅಜ್ಜಿಯ ಊರಿಗೆ ಹತ್ತಿ ಬಿಡಿಸಲು ಕಳಿಸಿದ್ದಾರೆ ಎಂದರು. ನಾನು ಓದುತ್ತಾ ಹೋದೆ, ವಿಶ್ವವಿದ್ಯಾಲಯದವರೆಗೂ ಓದಿದೆ.

ಒಂದು ಸಂಗತಿ ಉಳಿದಿದೆ. ರಾಯಚೂರಿನಲ್ಲಿ ಚೀಲ ಬಿಚ್ಚಿದಾಗ ನನ್ನ ಬಟ್ಟೆಗಳನ್ನು ಯಾರೋ ನೀಟಾಗಿ ಮಡಿಸಿಟ್ಟಿದ್ದರು. ಕತ್ತರಿ ಇರಲಿಲ್ಲ. ಹೆಸರುಗಳು ಮಾತ್ರ, ಒಂದೂ ಮುದುಡದ ಹಾಗೆ, ಒಂದು ಲಂಗದ ಮಡಿಕೆಯಲ್ಲಿದ್ದವು. ಚೀಲ ತುಂಬುತ್ತಿದ್ದವಳು ಯಾವಾಗಲೂ ಚಿಗವ್ವನೇ. ಹೊರಡುವ ಹಿಂದಿನ ದಿನ ತುಂಬುತ್ತಿದ್ದಳು — ಆದರೆ ಅವತ್ತು ಎಷ್ಟು ಹೊತ್ತಿಗೆ?

ಎಂ.ಎ. ಮುಗಿಸಿ ಮಾನ್ವಿಗೆ ಹೋದಾಗ ಕೇಳಿಯೇ ಬಿಟ್ಟೆ. ತಪ್ಪಿನಲ್ಲಿ ಒಬ್ಬರನ್ನು ಜೊತೆಗೆಳೆದುಕೊಳ್ಳುವ ಆಸೆ ಆ ಪ್ರಶ್ನೆಯಲ್ಲಿತ್ತು, ಬಲ್ಲೆ. ಕೇಳಬೇಕಾಗಿದ್ದುದು ದೇವದುರ್ಗಕ್ಕೆ ಹೋಗಿ, ಹುಲಿಗಿಯ ಎದುರು ನೆಲದ ಮೇಲೆ ಕೂತು ಬೇರೆಯೇ ಒಂದು ಮಾತು; ಬಸ್ಸು ಇತ್ತು, ನಾನು ಹತ್ತಲಿಲ್ಲ. ಚಿಗವ್ವ ಮೊರದಲ್ಲಿನ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅವಳ ಬೆರಳು ನಿಂತಿತು, ಮತ್ತೆ ಆಡತೊಡಗಿತು. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಅವಳೂ ಆ ಮಾತೆತ್ತಿಲ್ಲ, ನಾನೂ ಎತ್ತಿಲ್ಲ.

ನಾನು ಕೇಳಿದ್ದು ಇಷ್ಟೇ: “ಚಿಗವ್ವ, ಅವತ್ತ ನನ್ನ ಚೀಲಾ ತುಂಬಿದ್ದು ಹುಲಿಗಿ ಓದೋದಕ್ಕ ಮೊದಲೋ, ಆಮ್ಯಾಲೋ?”