ಕುಂಬಾರ ಹುಳ ಕಟ್ಟಿದ ಪೈಪು

ಎಸ್ಟೇಟಿನಲ್ಲಿ ನೀರು ಹರಿಯುವ ಕಡೆಯೆಲ್ಲ ನನ್ನ ಕೆಲಸ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಪೈಪು, ಬಂಗಲೆಯ ನಲ್ಲಿ, ಕೂಲಿಯವರ ಸಾಲುಮನೆಗಳ ಲೈನಿನ ತೊಟ್ಟಿ, ಎಲ್ಲಿ ಒಂದು ಹನಿ ಸೋರಿದರೂ ಫಿಟ್ಟರನ್ನು ಕರೆಯಿರಿ ಅನ್ನುವುದೇ. ಅಷ್ಟು ಸಾಲದು ಅಂತ ಆಸ್ಪತ್ರೆಯ ಹುಲ್ಲುಮಾಡಿನ ಪೈಪೂ ನನ್ನ ತಲೆಗೇ ಬಂತು.

ಮಲ್ಲಂದೂರು ಕಡೆಯ ನಮ್ಮ ಎಸ್ಟೇಟಿನ ಆಸ್ಪತ್ರೆಯೆಂದರೆ ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಒಂದು ಉದ್ದನೆಯ ಮನೆ. ಅರ್ಧ ಗಂಡಸರ ಜ್ವರಕ್ಕೆ, ಅರ್ಧ ಹೆಂಗಸರ ಹೆರಿಗೆಗೆ. ಬೇಸಿಗೆಯಲ್ಲಿ ದನ ಕಾಯುವವರು ಹೊಸ ಹುಲ್ಲಿನ ಆಸೆಗೆ ಗುಡ್ಡಕ್ಕೆ ಬೆಂಕಿ ಇಡುತ್ತಿದ್ದರು. ಪಕ್ಕದ ಎಸ್ಟೇಟಿನಲ್ಲಿ ಹಾಗೆ ಹಾರಿದ ಕಿಡಿಗೆ ಒಂದು ಲೈನೇ ಸುಟ್ಟುಹೋದ ಮೇಲೆ ನಮ್ಮ ಇಂಗ್ಲಿಷ್ ದೊರೆಗೆ ನಿದ್ದೆ ಹತ್ತಲಿಲ್ಲ. ಮಾಡಿನ ನೆತ್ತಿಯಲ್ಲಿ ಹೊಗೆ ಹೋಗಲೆಂದು ಬಿಟ್ಟ ಸಂದಿಯಿತ್ತು, ಅದರ ಮೇಲೊಂದು ಪುಟ್ಟ ಮುಚ್ಚಿಗೆ. ಆ ಸಂದಿಯುದ್ದಕ್ಕೂ ತೂತು ಕೊರೆದ ಪೈಪು ಹಾಯಿಸಿ, ಗುಡ್ಡದ ಕಲ್ಲಿನ ತೊಟ್ಟಿಯಿಂದ ನೀರು ಕೊಡಿಸಿದರು. ಗೋಡೆ ಪಕ್ಕದ ವಾಲ್ವು ತಿರುಗಿಸಿದರೆ ನೀರು ಎರಡೂ ಕಡೆಗೆ ಚಿಮ್ಮಿ ಹುಲ್ಲು ತೋಯಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನರ ಮಧ್ಯೆ ಅದು ಒಳ್ಳೆಯ ಬುದ್ಧಿಯೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಹಾಕಿಸಿದವರು ಅವರು, ಏಣಿ ಹತ್ತುವವನು ನಾನು.

ತೂತು ಅಂದಮೇಲೆ ಕಟ್ಟಿಕೊಳ್ಳದೆ ಇರುತ್ತದೆಯೇ? ಪಾಚಿ, ತುಕ್ಕು, ಜೇಡ, ಒಮ್ಮೆ ಒಂದು ಮರಗಪ್ಪೆ. ಕಾಫಿ ಗಿಡ ಅರಳಿಸುವ ಹೂಮಳೆ ಬೀಳುವ ತನಕ ವಾರವಾರವೂ ಕುತ್ತಿಗೆ ಮೇಲೆ ಮಾಡಿ ತಂತಿ ಹಾಕಿ ಕೆದಕಬೇಕು. ಇಳಿದು ಬಂದರೆ ಕತ್ತು ತಿರುಗುತ್ತಿರಲಿಲ್ಲ. ನೀರು ಬಿಟ್ಟು ನೋಡಿದರೆ ಹಾಸಿಗೆ ನೆನೆಯಿತು ಅಂತ ಹೆಂಗಸರ ಬೈಗುಳ ಬೇರೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

ಆ ವರ್ಷ ಕುಂಬಾರ ಹುಳ ಬಂತು. ಹೆರಿಗೆ ಕಡೆಯ ಕೊನೆಯ ಮಂಚದ ನೇರಕ್ಕೆ, ಪೈಪಿನ ಮೇಲೆ, ಮುಷ್ಟಿಗಾತ್ರದ ಮಣ್ಣಿನ ಗೂಡು. ನಾಲ್ಕೈದು ತೂತು ಅದರೊಳಗೇ ಮುಚ್ಚಿಹೋಗಿದ್ದವು. ಆ ಮೂಲೆಯೇ ಗುಡ್ಡಕ್ಕೆ ಮುಖ ಮಾಡಿದ್ದು. ಕಿಡಿ ಮೊದಲು ಬೀಳುವುದು ಅಲ್ಲಿಗೇ.

ಏಣಿ ಇಟ್ಟು ಉಳಿ ತೆಗೆದೆನೋ ಇಲ್ಲವೋ, ಮಂಚದಲ್ಲಿದ್ದವಳು ಎದ್ದು ಬಂದು ಏಣಿಯನ್ನು ಹಿಡಿದುಕೊಂಡಳು. ಲೈನಿನ ಹೆಂಗಸು, ದಿನ ತುಂಬಿದ ಬಸುರಿ. ಕಾಲು ಊದಿಕೊಂಡಿದೆಯೆಂದು ಡಾಕ್ಟರು ಮುಂಚೆಯೇ ಕರೆಸಿ ಮಲಗಿಸಿದ್ದರು. ಕುಂಬಾರ ಹುಳ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ, ಅದನ್ನು ಒಡೆದರೆ ಬಸುರಿಗೆ ಕೇಡು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನವ್ವನೂ ಹಾಗೇ ಹೇಳುತ್ತಿದ್ದಳು. ಆದರೆ ಅವ್ವ ಬೆಂಕಿಯ ಪೈಪು ನೋಡಿರಲಿಲ್ಲ.

ನಾನು ರೇಗಿದೆ. ಹುಳಕ್ಕೆ ಗೂಡು ಕಟ್ಟೋಕೆ ಬೇರೆ ಜಾಗ ಇರಲಿಲ್ವಾ, ನಿನ್ನ ತಲೆ ಮೇಲೇ ಬೆಂಕಿ ಬಿದ್ದರೆ ಆ ಮಣ್ಣು ಬಂದು ಕಾಪಾಡುತ್ತಾ ಅಂತೆಲ್ಲ ಅಂದೆ. ಅವಳು ಏಣಿ ಬಿಡಲಿಲ್ಲ.

"ಮೂರು ಮಕ್ಕಳನ್ನ ಮಣ್ಣು ಮಾಡೀನಿ ಅಣ್ಣಾ," ಅಂದಳು. "ಒಂದೂ ಅಳಲಿಲ್ಲ. ಇದೊಂದು ಹುಟ್ಟಲಿ, ಆಮೇಲೆ ಬೇಕಾದ್ರೆ ಮಾಡನ್ನೇ ಕೆಡವು."

ಅವಳು ಅಳುತ್ತಲೂ ಇರಲಿಲ್ಲ. ಲೈನಿನ ಹೆಂಗಸರು ನೀರಿಗೆ ಸರದಿ ಹೇಳುವ ಹಾಗೆ ಹೇಳಿದಳು. ಉಳಿಯನ್ನು ಜೇಬಿಗೆ ಹಾಕಿಕೊಂಡು ಇಳಿದೆ.

ಸಂಜೆ ದೊರೆ ಗೂಡು ಒಡೆದಾಯಿತಾ ಅಂತ ಕೇಳಿದರು. ಇನ್ನೂ ಆಗಿಲ್ಲ ಅಂದದ್ದಕ್ಕೆ ನಾಳೆಯೊಳಗೆ ಒಡೆಯದಿದ್ದರೆ ಕೆಲಸ ಬಿಟ್ಟು ಹೋಗು ಅಂದರು. ಅವರ ಮಾತು ತಪ್ಪಲ್ಲ. ಅವಳು ಮಲಗಿದಾಗ ಒಡೆದುಬಿಡು ಅಂದಳು ಆಸ್ಪತ್ರೆಯ ಆಯಾ, ನನಗಿಂತ ದೊಡ್ಡವಳು, ಊರಿನ ಅರ್ಧ ಮಕ್ಕಳನ್ನು ಎತ್ತಿಕೊಂಡವಳು. ಆದರೆ ಆ ಹೆಂಗಸು ಮಲಗಬೇಕಲ್ಲ! ಅಂಗಾತ ಬಿದ್ದುಕೊಂಡು ಗೂಡನ್ನೇ ನೋಡುತ್ತಿದ್ದಳು. ಅತ್ತ ದರಿ, ಇತ್ತ ಪುಲಿ.

ಮರುದಿನ ಬೈರಿಗೆ ತಂದೆ. ಗೂಡನ್ನು ಮುಟ್ಟದೆ ಅದರ ಆಚೆ ಈಚೆ ಹೊಸ ತೂತು ಕೊರೆಯತೊಡಗಿದೆ. ಬೆಳಗಿಂದ ಮಧ್ಯಾಹ್ನದ ತನಕ ಏಣಿಯ ಮೇಲೆ, ಕಬ್ಬಿಣದ ಪುಡಿಯೆಲ್ಲ ಕಣ್ಣಿಗೆ. ತೂತು ಹೆಚ್ಚಾದರೆ ಕೊನೆಯಲ್ಲಿ ನೀರಿನ ಜೋರು ಕಡಿಮೆಯಾಗುತ್ತದೆ, ಅದಕ್ಕೆ ಗಂಡಸರ ಕಡೆಯ ಕೆಲವು ತೂತಿಗೆ ಮರದ ಬೆಣೆ ಹೊಡೆದೆ. ಅಲ್ಲಿದ್ದ ಜ್ವರದ ಮುದುಕನೊಬ್ಬ ನಾವೇನು ಸುಟ್ಟುಹೋಗಬಹುದಾ ಅಂದ. ನೀವು ಎದ್ದು ಓಡಬಹುದು ಅಂದೆ. ದೊರೆ ಬಂದು ಹೊಸ ತೂತುಗಳನ್ನು ಎಣಿಸಿ ಹೋದರು, ನನ್ನ ಕೆಲಸ ಉಳಿಯಿತು.

ವಾರ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಗುಡ್ಡ ಹತ್ತಿಕೊಂಡಿತು. ಗಾಳಿ ನಮ್ಮ ಕಡೆಗೇ. ಕೆಲಸದವರೆಲ್ಲ ಹಸಿ ಸೊಪ್ಪು ಮುರಿದುಕೊಂಡು ಬೆಂಕಿ ಬಡಿಯಲು ಓಡಿದರು. ರೋಗಿಗಳನ್ನು ಕಾಫಿ ಕಣಕ್ಕೆ ಕಳಿಸಿದರು. ಅವಳೊಬ್ಬಳನ್ನು ಕದಲಿಸಲಾಗಲಿಲ್ಲ. ಬೆಳಗ್ಗೆಯಿಂದ ನೋವು ಶುರುವಾಗಿತ್ತು, ಮಗುವಿನ ತಲೆ ಇಳಿದಿತ್ತು. ಡಾಕ್ಟರು ಬೇರೆ ಎಸ್ಟೇಟಿಗೆ ಹೋಗಿದ್ದರು. ಒಳಗೆ ಆಯಾ, ಅವಳು. ಹೊರಗೆ ನಾನು, ನನ್ನ ವಾಲ್ವು.

ತಿರುಗಿಸಿದೆ. ಪೈಪು ಕೆಮ್ಮಿತು, ಕೆಸರು ಕಾರಿತು, ಆಮೇಲೆ ನೀರು. ಹೊಸ ತೂತುಗಳಿಂದಲೂ ಬಂತು, ಆದರೆ ಗೂಡಿನ ಹಿಂದೆ ಒಂದು ಮೊರದಷ್ಟು ಹುಲ್ಲು ಒಣಗಿಯೇ ಇತ್ತು. ಅಲ್ಲೇ ಒಂದು ಕಿಡಿ ಬಿದ್ದು ಹೊಗೆಯೆದ್ದಿತು. ಏಣಿ ಹತ್ತಿ ಒದ್ದೆ ಗೋಣಿಯಿಂದ ಬಡಿದೆ, ಅಂಗೈ ಸುಟ್ಟಿತು, ಆರಿತು. ಇಳಿದು ಮತ್ತೆ ವಾಲ್ವಿನ ಹತ್ತಿರ ನಿಂತೆ. ಮೇಲಿನ ತೊಟ್ಟಿಯಲ್ಲಿ ನೀರೆಷ್ಟಿದೆಯೋ ದೇವರೇ ಬಲ್ಲ. ಒಳಗೆ ಅವಳು ಕೂಗುತ್ತಿದ್ದಳು. ಆಮೇಲೆ ಕೂಗು ನಿಂತುಹೋಯಿತು. ಹುಲ್ಲಿನ ಮೇಲೆ ನೀರು ಬೀಳುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಮೂರು ಮಕ್ಕಳು ಅಳಲಿಲ್ಲ ಅಂದಿದ್ದಳಲ್ಲ, ಅದೇ ತಲೆಯಲ್ಲಿ ಸುತ್ತುತ್ತಿತ್ತು. ಒಳಗೆ ಹೋಗಿ ಕೇಳುವ ಧೈರ್ಯ ನನಗಿರಲಿಲ್ಲ.

ಆಯಾ ಬಾಗಿಲಿಗೆ ಬಂದಳು. ಮಾಡಿನಿಂದ ತೊಟ್ಟಿಕ್ಕಿದ ನೀರಿಗೆ ಸೀರೆಯೆಲ್ಲ ಒದ್ದೆ. ಮುಖದಲ್ಲಿ ಸುಸ್ತು ಬಿಟ್ಟರೆ ಏನೂ ಕಾಣಲಿಲ್ಲ.

"ನೀರು ನಿಲ್ಸು ಮಾರಾಯ," ಅಂದಳು, "ಮಗೂಗೆ ಚಳಿ ಆಗ್ತದೆ."

ಗುಡ್ಡದಿಂದ ಇನ್ನೂ ಕಿಡಿ ಬರುತ್ತಿತ್ತು, ನಿಲ್ಲಿಸುವ ಹಾಗಿರಲಿಲ್ಲ. ಜಗಲಿಯ ಗೂಟಕ್ಕೆ ನೇತುಹಾಕಿದ್ದ ನನ್ನ ಕಂಬಳಿಯನ್ನೇ ತೆಗೆದು ಆಯಾಳ ಕೈಗೆ ಕೊಟ್ಟೆ.