ನಾಲ್ಕನೇ ಗಣಿತ ಮತ್ತು ಕೆಳಮನೆಯ ಟೀಚರ್

ಕೆಳಮನೆಯ ಟೀಚರ ಬೆರಳುಗಳು ಯಾವಾಗಲೂ ಚಾಕ್‌ಪೀಸ್ ಹಿಡಿದಂತೆ ಮಡಚಿಕೊಂಡೇ ಇರುತ್ತಿದ್ದವು. ಪಾಠ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸಂಧಿವಾತ ಬಂದು ಕೈ ಹಾಗೇ ನಿಂತುಬಿಟ್ಟಿತ್ತು. ಆ ಬೆರಳುಗಳಿಂದಲೇ ಅವರು ಬಟ್ಟೆ ಒಣಗಿಸುವ ಮೆಷೀನಿನ ಜಾಲರಿಗೆ ಅಂಟಿದ ನೂಲಿನ ಧೂಳನ್ನು ಬಿಡಿಸಿ, ಪುಟ್ಟ ಬೂದು ಉಂಡೆ ಮಾಡಿ, ಅಂಗೈಯಲ್ಲಿಟ್ಟು ಒಂದು ಕ್ಷಣ ನೋಡಿ, ಆಮೇಲೆ ಕಸದ ಡಬ್ಬಿಗೆ ಹಾಕುತ್ತಿದ್ದರು.

ಸ್ವೀಡನ್ನಿನ ಮಾಲ್ಮೋದ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ಗೋಡೆಯ ಮೇಲೆ ವಾರದ ದಿನಗಳ ಹಲಗೆ. ಪ್ರತಿ ಮನೆಗೂ ನಂಬರು ಕೆತ್ತಿದ ಒಂದು ಚಿಕ್ಕ ಬೀಗ. ಬೇಕಾದ ಹೊತ್ತಿನ ತೂತಿಗೆ ಅದನ್ನು ಸಿಕ್ಕಿಸಿದರೆ ಆ ಹೊತ್ತು ನಮ್ಮದು. ಮಂಗಳವಾರ ಬೆಳಿಗ್ಗೆ ಅವರ ಬೀಗ, ಅದರ ಪಕ್ಕ ನನ್ನದು. ನನ್ನವರು ಬೆಳಕಾಗುವ ಮೊದಲೇ ಸಮುದ್ರದ ಸೇತುವೆ ದಾಟಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಆಫೀಸಿಗೆ ಹೋಗುತ್ತಿದ್ದರು, ಮಗಳು ಶಾಲೆಗೆ. ಆಮೇಲೆ ಸಂಜೆಯ ತನಕ ಫ್ರಿಜ್ಜಿನ ಗುಂಯ್ ಸದ್ದು ಮತ್ತು ನಾನು. ಎಷ್ಟೋ ವಾರ ನಾನು ಬಾಯಿಬಿಟ್ಟು ಮಾತಾಡಿದ ಹೊರಗಿನವರೆಂದರೆ ಟೀಚರ್ ಒಬ್ಬರೇ.

ಮೊದಲ ಮಾತೇ ಬೈಗುಳ. "ಜಾಲರಿ ಕ್ಲೀನ್ ಮಾಡದೆ ಹೋಗಿದ್ದೀರಿ," ಅಂದರು, ಒಂದೊಂದು ಇಂಗ್ಲಿಷ್ ಪದವನ್ನೂ ತೂಗಿ ಇಟ್ಟ ಹಾಗೆ. ಕಾನ್ವೆಂಟಿನ ಅಭ್ಯಾಸ ನೋಡಿ, ನಾನು ಬೆಂಚಿನಿಂದ ತಟಕ್ಕನೆ ಎದ್ದು "ಸಾರಿ, ಟೀಚರ್" ಅಂದುಬಿಟ್ಟೆ.

"ನಾನು ಟೀಚರ್ ಅಂತ ನಿಮಗೆ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ಫಿಸಿಕ್ಸ್, ಗಣಿತ ಕಲಿಸಿ ನಿವೃತ್ತರಾದವರೆಂದು ಗೊತ್ತಾದದ್ದೇ ಆಗ. ಇಲ್ಲಿ ಶಾಲೆಯ ಮಕ್ಕಳೂ ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಹೊರಳಲಿಲ್ಲ. ಕೊನೆಯವರೆಗೂ ಟೀಚರ್ ಅಂದೆ. ಅವರಿಗದು ಒಳಗೊಳಗೇ ಇಷ್ಟವೆಂದು ನನ್ನ ಅನುಮಾನ.

ಮೆಷೀನು ತಿರುಗುವಷ್ಟು ಹೊತ್ತು ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೂರುತ್ತಿದ್ದರು. ಒಂದು ಏಲಕ್ಕಿ ಬನ್ನು ತಂದು ಚಾಕುವಿನಿಂದ ಸರಿಯಾಗಿ ಎರಡು ಹೋಳು ಮಾಡುತ್ತಿದ್ದರು. ನಮ್ಮ ಮನೆಗೆ ಬರುವುದಾದರೆ ಅವರನ್ನು ವಾರದ ಮುಂಚೆಯೇ ಕರೆಯಬೇಕು, ಬಂದರೂ ಹೇಳಿದ ಗಂಟೆ ಹೊಡೆಯುವ ತನಕ ಬಾಗಿಲ ಹೊರಗೇ ನಿಂತಿರುತ್ತಿದ್ದರು. ಒಮ್ಮೆ ಉಪ್ಪಿಟ್ಟು ಕೊಟ್ಟೆ. ಮರ್ಯಾದೆಗೆ ಕರಿಬೇವು, ಒಣಮೆಣಸಿನಕಾಯಿ ಒಂದನ್ನೂ ಬಿಡದೆ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು "ಇಂಟರೆಸ್ಟಿಂಗ್" ಅಂದರು.

ಮಗಳು ಆಗ ನಮ್ಮ ಪಿಯುಸಿಯಂಥ ಮೂರು ವರ್ಷದ ಓದಿನ ಎರಡನೇ ವರ್ಷದಲ್ಲಿದ್ದಳು. ಸೇತುವೆಯ ಮೇಲಿಂದ ನೋಡಿದರೆ ಸಮುದ್ರದಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳು ಕಾಣುತ್ತವೆ. ಅವುಗಳ ರೆಕ್ಕೆ ಬರೆಯುವುದು ಅವಳಿಗೆ ಚಿಕ್ಕಂದಿನ ಹುಚ್ಚು. ಇಂಜಿನಿಯರ್ ಆಗಿ ಅವನ್ನೇ ಮಾಡುತ್ತೇನೆ ಅನ್ನುತ್ತಿದ್ದಳು. ಟೆಕ್ನಿಕಲ್ ವಿಭಾಗದಲ್ಲಿ ಸೀಟು ಸಿಕ್ಕ ದಿನ ಕೇಸರಿಬಾತ್ ಮಾಡಿ ನಾವು ನಿಶ್ಚಿಂತರಾಗಿದ್ದೆವು. ನಮ್ಮ ತಲೆಯಲ್ಲಿದ್ದದ್ದು ಊರಿನ ಕಾಂಬಿನೇಷನ್. ಪಿಸಿಎಂಬಿ ಅಂದರೆ ಪಿಸಿಎಂಬಿ. ಒಮ್ಮೆ ತಗೊಂಡರೆ ಮುಗಿಯಿತು, ಬೇಕಾದ ಸಬ್ಜೆಕ್ಟೆಲ್ಲ ತಾನಾಗಿ ಹಿಂದೆ ಬರುತ್ತದೆ.

ಒಂದು ಮಂಗಳವಾರ ಬನ್ನು ಕತ್ತರಿಸುತ್ತಾ ಟೀಚರ್ ಕೇಳಿದರು, "ಮಗಳು ಎಷ್ಟನೇ ಗಣಿತದವರೆಗೆ ತಗೊಂಡಿದ್ದಾಳೆ?"

"ಗಣಿತ ಇದೆಯಲ್ಲ, ಟೀಚರ್."

"ಇದೆ ಅಂದರೆ ಸಾಲದು. ಇಲ್ಲಿ ಗಣಿತಕ್ಕೆ ನಂಬರಿದೆ. ದೊಡ್ಡ ಇಂಜಿನಿಯರಿಂಗ್ ಡಿಗ್ರಿಗೆ ನಾಲ್ಕನೆಯದು ಬೇಕು, ಫಿಸಿಕ್ಸ್ ಎರಡನೆಯದು ಬೇಕು. ಅವಳದು ಟೆಕ್ನಿಕಲ್‌ನಲ್ಲಿ ಡಿಸೈನ್ ಶಾಖೆ ಅಂದಿದ್ದಿರಿ. ಅಲ್ಲಿ ಇವೆರಡೂ ತಾವಾಗಿ ಬರುವುದಿಲ್ಲ, ಅವಳೇ ಆರಿಸಿಕೊಳ್ಳಬೇಕು."

ಅವತ್ತು ಊಟಕ್ಕೆ ಕೂತಾಗ ಕೇಳಿದೆ, "ಮುಂದಿನ ವರ್ಷಕ್ಕೆ ಏನೇನು ತಗೊಂಡೆ ಪುಟ್ಟಿ?"

"ಸೆರಾಮಿಕ್ಸ್. ಆಂಡ್ ಫೋಟೋ."

ಇವರ ಕೈ ಸಾರನ್ನದಲ್ಲೇ ನಿಂತಿತು. "ಮಡಕೆ ಮಾಡೋದಾ? ಟೆಕ್ನಿಕಲ್ ಅಂದ್ಮೇಲೆ ಮ್ಯಾಥ್ಸ್ ಎಲ್ಲಾ ಬರಲ್ವೇನೇ?"

"ಐ ಡೋಂಟ್ ನೋ, ಪಪ್ಪಾ. ಯೂ ಸೆಡ್ ಡೋಂಟ್ ವರಿ." ಅವಳ ಮುಖ ಸಣ್ಣಗಾಯಿತು. ಬದಲಾಯಿಸಿಕೊಳ್ಳಲು ಆ ಶುಕ್ರವಾರವೇ ಕೊನೆ.

ಮಾರನೇ ಬೆಳಿಗ್ಗೆ, ಮೊದಲೇ ಕೇಳದೆ ಹೇಳದೆ, ಟೀಚರ ಬಾಗಿಲ ಗಂಟೆ ಒತ್ತಿದೆ.

"ಬೆಂಕಿ ಬಿದ್ದಿದೆಯೇ?" ಅಂದರು.

"ಶುಕ್ರವಾರ ಕೊನೇ ದಿನ ಟೀಚರ್. ಆ ನಾಲ್ಕನೇ ಗಣಿತ ಅವಳ ಕೈಲಾಗುತ್ತದೆಯೇ? ನೀವು ಸ್ವಲ್ಪ ಹೇಳಿಕೊಡುತ್ತೀರಾ?"

"ಓದುವವರು ಯಾರು, ನೀವೋ ಅವಳೋ?"

"ಅವಳು."

"ಹಾಗಾದರೆ ಅವಳು ಬಂದು ಕೇಳಲಿ. ಕೇಳದವರಿಗೆ ನಾನು ಕಲಿಸುವುದಿಲ್ಲ."

ಬಾಗಿಲು ಅರ್ಧ ಮುಚ್ಚಿ ಮತ್ತೆ ತೆರೆದರು. ನನ್ನ ಬರಿಗಾಲನ್ನು ನೋಡಿದರು. ಚಪ್ಪಲಿ ಮರೆತು ಬಂದಿದ್ದೆ. "ಆ ಗಣಿತ ಪಾಸಾದರೆ ಅವಳು ದೂರ ಹೋಗುತ್ತಾಳೆ. ಆಮೇಲೆ ನಿಮಗೆ ಉಳಿಯುವುದು ನಾನೊಬ್ಬಳು, ಅದೂ ಮಂಗಳವಾರ ಮಾತ್ರ. ಯೋಚನೆ ಮಾಡಿದ್ದೀರಾ?"

ಮಾಡಿರಲಿಲ್ಲ. ಆ ಮೆಟ್ಟಿಲ ಮೇಲೆ ನಿಂತೇ ಮಾಡಿದೆ. "ಹೋಗಲಿ, ಟೀಚರ್," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

ಮಗಳಿಗೆ ಬಿಗುಮಾನ. ಒಂದು ದಿನವಿಡೀ ಹೋಗಲಿಲ್ಲ. ನಾನೂ ಬಾಯಿ ಕಚ್ಚಿಕೊಂಡಿದ್ದೆ. ಗುರುವಾರ ಶಾಲೆಯಿಂದ ಬಂದವಳು ಬ್ಯಾಗು ಸಮೇತ ಕೆಳಮನೆಗೇ ಹೋಗಿ, ಬಹಳ ಹೊತ್ತಿಗೆ ಮೇಲೆ ಬಂದಳು. "ಅಮ್ಮಾ, ಅವರು ನನ್ನ ಡ್ರಾಯಿಂಗ್ ನೋಡಿದ್ರು. ಚೆನ್ನಾಗಿದೆ ಅಂದ್ರು. ಆಮೇಲೆ, ಈ ರೆಕ್ಕೆ ಇಷ್ಟೇ ಯಾಕೆ ಬಾಗಿದೆ ಅಂತ ಕೇಳಿದ್ರು. ಐ ಸೆಡ್ ಹಾಗಿದ್ರೆ ಚೆಂದ ಕಾಣುತ್ತೆ ಅಂತ. ಅವರು ಜಸ್ಟ್ ಕಾಯ್ತಾ ಇದ್ರು." ಬ್ಯಾಗು ಕೆಳಗಿಟ್ಟು, "ನಾನೇ ಕೇಳಿದೆ, ಹೇಳಿಕೊಡ್ತೀರಾ ಅಂತ," ಅಂದಳು. ಶುಕ್ರವಾರ ಮಡಕೆ ಹೋಗಿ ನಾಲ್ಕನೇ ಗಣಿತ ಬಂತು, ಫೋಟೋ ಹೋಗಿ ಫಿಸಿಕ್ಸ್.

ಮೂರನೇ ವರ್ಷ ಪೂರ್ತಿ ಅವಳು ಕೆಳಗಿನ ಅಡುಗೆಮನೆ ಮೇಜಿನಲ್ಲಿ ಕೂತು ಕಲಿತಳು. ಉತ್ತರ ತಪ್ಪಾದರೆ ಟೀಚರ್ ತಪ್ಪು ಅನ್ನುತ್ತಿರಲಿಲ್ಲವಂತೆ. "ಬಂದ ದಾರಿಯಲ್ಲಿ ಹಿಂದಕ್ಕೆ ನಡಿ, ಎಲ್ಲಿ ತಿರುಗಿದೆ ನೋಡು," ಅಂತ ಹೇಳಿ ಕಿಟಕಿಯ ಗಿಡಗಳಿಗೆ ನೀರು ಹಾಕಲು ಏಳುತ್ತಿದ್ದರಂತೆ.

ಅವಳಿಗೆ ಇಂಜಿನಿಯರಿಂಗ್ ಸಿಕ್ಕಿತು, ದೇಶದ ಆ ತುದಿಯಲ್ಲಿ, ಲೂಲಿಯೋದಲ್ಲಿ. ನಮ್ಮದು ಈ ತುದಿ. ಅವಳು ಹೊರಟ ಮೇಲಿನ ಮೊದಲ ಮಂಗಳವಾರ ಬುಟ್ಟಿ ಹೊತ್ತು ಕೆಳಗಿಳಿದೆ. ಟೀಚರ್ ಅವಳ ಸುದ್ದಿ ಕೇಳಲಿಲ್ಲ. ನನ್ನ ಬುಟ್ಟಿಯೊಳಗೆ ಬಗ್ಗಿ ನೋಡಿದರು.

"ಬಟ್ಟೆ ಕಡಿಮೆ," ಅಂದರು. "ಅರ್ಧ ಡ್ರಮ್ ಓಡಿಸಬಾರದು. ತನ್ನಿ, ನನ್ನ ಬೆಡ್‌ಶೀಟೂ ಇದರಲ್ಲೇ ಹಾಕೋಣ."

ಅಲ್ಲಿಂದ ಮುಂದೆ ನನ್ನ ಕಾಟನ್ ಚೂಡಿದಾರಗಳೂ ಅವರ ಬಿಳಿ ಹಾಸುಗಳೂ ಒಂದೇ ನೀರಿನಲ್ಲಿ ತಿರುಗಿದವು. ನನ್ನ ಮೆರೂನ್ ದುಪಟ್ಟಾ ಬಣ್ಣ ಬಿಟ್ಟು ಅವರ ದಿಂಬಿನ ಚೀಲವೊಂದು ಗುಲಾಬಿಯಾಯಿತು. ಬೈಯುತ್ತಾರೆಂದು ನಾನು ಕಾದೆ. "ಮನೆಯಲ್ಲಿ ಬಣ್ಣದ್ದು ಯಾವುದೂ ಇರಲಿಲ್ಲ," ಅಂತ ಮಡಚಿಟ್ಟುಕೊಂಡರು.

ಮಗಳ ಇಂಜಿನಿಯರಿಂಗಿನ ಎರಡನೇ ವರ್ಷದ ಚಳಿಗಾಲದಲ್ಲಿ ಟೀಚರ್ ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳ ಕಡೆಯಿಂದ ಯಾವುದೋ ಲ್ಯಾಬಿನ ಫ್ಯಾನು ತಿರುಗುವ ಸದ್ದು ಮಾತ್ರ ಬರುತ್ತಿತ್ತು. ಹಲಗೆಯ ಮೇಲೆ ಅವರ ಬೀಗ ಇನ್ನೂ ಕೆಲವು ವಾರ ಮಂಗಳವಾರದಲ್ಲೇ ಇತ್ತು. ಬಿಲ್ಡಿಂಗಿನ ಯಾರೂ ಅದನ್ನು ಮುಟ್ಟಲಿಲ್ಲ. ಆಮೇಲೊಂದು ದಿನ ಮನೆ ಖಾಲಿ ಮಾಡಲು ಬಂದವರು ತೆಗೆದುಕೊಂಡು ಹೋದರು.

ಈಗ ಮಂಗಳವಾರ ನಾನು ಮೊದಲು ಜಾಲರಿ ಕ್ಲೀನ್ ಮಾಡುತ್ತೇನೆ. ಬೂದು ಉಂಡೆಯನ್ನು ಅಂಗೈಯಲ್ಲಿಟ್ಟು ಒಂದು ಕ್ಷಣ ನೋಡುತ್ತೇನೆ. ಆಮೇಲೆ ಅರ್ಧ ಡ್ರಮ್ಮೇ ಓಡಿಸುತ್ತೇನೆ. ಬೈಯುವವರಿಲ್ಲ.